ಐದು ಗಂಟೆಯ ಕಹಳೆ

ಮಾರ್ಚ್ ೩, ಸೋಮವಾರ
ನೀರಿನ ಕೊಳವೆ ಜೋಡಿಸಿದ್ದಾಯಿತು. ವಿದ್ಯುತ್ ಬಂತು. ನನ್ನ ಗಾಲಿಮನೆ, ಈ ಕ್ಯಾರವಾನ್, ಕಳೆದ ವರ್ಷದ ಜಾಗದಲ್ಲೇ ನಿಂತಿದೆ — ಪೈನ್ ಮರಗಳ ಕೆಳಗೆ, ರನ್‌ವೇಗೆ ಬೆನ್ನು ಮಾಡಿ. ಸೇನೆಯವರಿಗೂ ಅವರ ಮನೆಯವರಿಗೂ ಮಾತ್ರ ಇರುವ ಕ್ಯಾಂಪ್ ಇದು; ವಾಯುನೆಲೆಯ ಗೇಟಿನಲ್ಲಿ ಗುರುತಿನ ಚೀಟಿ ನೋಡಿ ಒಳಬಿಟ್ಟರು. ಚೀಟಿಯಲ್ಲಿ ನನ್ನ ಗಂಡ ರೋಲಂಡನ ಹೆಸರಿದೆ. ತೀರಿಕೊಂಡ ಸಾರ್ಜೆಂಟನ ವಿಧವೆ ಎಂಬ ಹಕ್ಕಿನಿಂದಲೇ ನನಗಿಲ್ಲಿ ಪ್ರವೇಶ. ಮತ್ತೆ ಮದುವೆಯಾದರೆ ಚೀಟಿ ಹಿಂದಿರುಗಿಸಬೇಕು. ಗೇಟಿನ ದಾಖಲೆಯಲ್ಲಿ ವೆಂಡೆಲ್ ನನ್ನ ಅತಿಥಿ.

ಸಂಜೆ ಪಕ್ಕದ ಕ್ಯಾರವಾನಿನ ನೋರೀನ್ ಬಂದಳು. ಸೇನೆಯಲ್ಲಿ ನರ್ಸ್ ಆಗಿದ್ದವಳು, ಬಾಯಿಗೆ ಬೀಗವಿಲ್ಲ.

"ಏನ್ರೀ ಟೀಚರಮ್ಮ, ಈ ಸಲ ಜೊತೆಗೊಬ್ರು ಬಂದಿದಾರೆ! ಯಾರ್ರೀ ಇವ್ರು?"

"ನನ್ನ ತಮ್ಮ."

ಒಂದಿಷ್ಟೂ ತೊದಲಲಿಲ್ಲ. ಸುಳ್ಳು ಹೇಳುವ ಮಕ್ಕಳನ್ನು ಕಣ್ಣೋಟದಲ್ಲೇ ಹಿಡಿಯುತ್ತಿದ್ದವಳು ನಾನು. ವೆಂಡೆಲ್ ಕಾಫಿಯನ್ನೇ ನೋಡುತ್ತ ಕುಳಿತಿದ್ದ.

ಮಾರ್ಚ್ ೪
ಐದಕ್ಕೆ ಕಹಳೆ. ಬಾವುಟ ಇಳಿಸುವ ಹೊತ್ತು. ಕಾರುಗಳು ರಸ್ತೆಯಲ್ಲೇ ನಿಂತವು. ಬಟ್ಟೆ ಒಣಹಾಕುತ್ತಿದ್ದವರೂ ಬಾವುಟದ ಗೌರವಕ್ಕೆ ಎದೆಯ ಮೇಲೆ ಕೈಯಿಟ್ಟು ನಿಂತರು. ವೆಂಡೆಲ್ ಎಡಗೈಯನ್ನು ಎದೆಯ ಮೇಲಿಟ್ಟ. ಬಲಗೈ ನನ್ನ ಬೆರಳುಗಳನ್ನು ಹುಡುಕಿತು. ಕೈ ಕಿತ್ತುಕೊಂಡೆ.

"ಬಲಗೈ ಇಡಬೇಕು," ಎಂದೆ, ತರಗತಿಯ ದನಿಯಲ್ಲಿ. ತಿದ್ದಿಕೊಂಡ.

ಪಿಯಾನೋಗಳಿಗೆ ಶ್ರುತಿ ಮಾಡಿ ಬದುಕಿದವನಿಗೆ ಸೇನೆಯ ರೀತಿ ಹೇಗೆ ಗೊತ್ತಿರಬೇಕು? ಆದರೆ ನಾನು ಕೈ ಕಿತ್ತುಕೊಂಡದ್ದು ರೀತಿಗಾಗಿಯೇ?... ನೋರೀನ್ ನೋಡುತ್ತಿದ್ದಳು.

ಮಾರ್ಚ್ ೯
ನೋರೀನ್ ಮತ್ತೊಂದು ಪೀಚ್ ಪೈ ತಂದಳು, ಹಣ್ಣು ತುಂಬಿ ಬೇಯಿಸಿದ್ದು. "ತಮ್ಮ"ನಿಗಾಗಿ.

"ನಿಮ್ ತಮ್ಮಂಗೆ ಹೆಂಡ್ತಿ ಇಲ್ವಂತೆ. ಇಂಥ ಗಂಡಸನ್ನ ಇಷ್ಟು ದಿನ ಎಲ್ರೀ ಬಚ್ಚಿಟ್ಟಿದ್ರಿ? ಶನಿವಾರ ಕ್ಯಾಂಪ್ ಊಟಕ್ಕೆ ನನ್ ಜೊತೆ ಕರ್ಕೊಂಡ್ ಹೋಗ್ತೀನಿ. ಅಕ್ಕನ ಅಪ್ಪಣೆ ಬೇಕಾ?"

"ಅವನನ್ನೇ ಕೇಳಿ."

ಪೈ ಬಹಳ ರುಚಿಯಾಗಿತ್ತು. ಎರಡು ತುಂಡು ತಿಂದೆ. ಎಂಥ ನಾಚಿಕೆಗೇಡು.

ಮಾರ್ಚ್ ೧೩, ತಿಂಡಿಯ ನಂತರ
"ನೋರೀನ್ ಕೇಳಿದ್ಲು. ಯೋಚ್ನೆ ಮಾಡಿ ಹೇಳ್ತೀನಿ ಅಂದೆ," ಎಂದ ವೆಂಡೆಲ್.

"ಹೋಗು. ಊಟ ತಾನೆ."

"ನೋಡು ಎಲ್ವೈರಾ. ಮದುವೆ ಬೇಡ ಅಂದೆ ನೀನು, ನಾನು ಒಪ್ಕೊಂಡೆ. ಇದು ರೋಲಂಡ್ ಜೊತೆ ಬಾಳಿದ ಜಾಗ, ನಿಂಗೆ ಬಿಡಕ್ಕಾಗಲ್ಲ. ಅರ್ಥ ಆಗುತ್ತೆ. ಆದ್ರೆ ನಿನ್ ತಮ್ಮ ಆಗಿರಕ್ಕೆ ನನ್ ಕೈಲಾಗಲ್ಲ. ನಾನು ನಿಂಗೆ ಏನು ಅಂತ ನೀನೇ ಅವಳಿಗೆ ಹೇಳು. ಇಲ್ದಿದ್ರೆ ಶನಿವಾರ ಮಗಳ ಮನೆಗೆ ಬಸ್ ಹತ್ತೀನಿ."

ದನಿ ಏರಿಸಲಿಲ್ಲ. ತನ್ನ ತಟ್ಟೆ ತೊಳೆದಿಟ್ಟ.

ಇದುವರೆಗೆ ರೋಲಂಡನ ನೆನಪಿಗೆ ಹೆದರಿದ್ದೇನೆ ಎಂದುಕೊಂಡಿದ್ದೆ. ಅವನಿದ್ದಿದ್ದರೆ ನಕ್ಕುಬಿಡುತ್ತಿದ್ದ. ಎಪ್ಪತ್ತೊಂದರ ವಯಸ್ಸಿನಲ್ಲಿ ಒಬ್ಬ ಗಂಡಸಿನ ಕೈ ಬೇಕೆನ್ನಿಸಿದೆ — ಅದು ಈ ಶಿಸ್ತಿನ ಟೀಚರಮ್ಮನಿಗೆ ಒಪ್ಪುವುದಿಲ್ಲವೆಂದು ನಾಚಿಕೆ.

ಮಾರ್ಚ್ ೧೪
ನೋರೀನಳ ಬಾಗಿಲವರೆಗೆ ಹೋದೆ. ಅವಳ ನಾಯಿಯ ಆರೋಗ್ಯ ವಿಚಾರಿಸಿ ಹಿಂದಿರುಗಿದೆ.

ಮಾರ್ಚ್ ೧೫, ಶನಿವಾರ, ಸಂಜೆ
ಮಧ್ಯಾಹ್ನದಿಂದಲೇ ವೆಂಡೆಲನ ಚೀಲ ಮೆಟ್ಟಿಲ ಬಳಿ ಇತ್ತು. ಬಸ್ಸು ಆರಕ್ಕೆ. ಮರಗಳ ಕೆಳಗೆ ಉದ್ದನೆಯ ಮೇಜುಗಳು, ಹುರಿದ ಮೀನು, ಕ್ಯಾಂಪಿನವರೆಲ್ಲ. ನೋರೀನ್ ತುಟಿಗೆ ಬಣ್ಣ ಹಚ್ಚಿದ್ದಳು.

"ಏನ್ರೀ, ನಿಮ್ ತಮ್ಮ ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ! ಅಷ್ಟೊಂದು ನಾಚ್ಕೆನಾ ಅವ್ರಿಗೆ?"

"ಅವನಿಗಲ್ಲ," ಎಂದೆ. ಮುಂದಿನ ಮಾತು ಹೊರಡುವಷ್ಟರಲ್ಲಿ ಕಹಳೆ.

ಎಲ್ಲರೂ ಎದ್ದು ಬಾವುಟದತ್ತ ತಿರುಗಿದರು. ವೆಂಡೆಲ್ ನನ್ನ ಎಡಕ್ಕೆ ನಿಂತಿದ್ದ. ಬಲಗೈ ಎದೆಯ ಮೇಲೆ, ನೆಟ್ಟಗೆ, ನಾನು ಕಲಿಸಿದಂತೆಯೇ. ಆ ಸರಿಯಾದ ಕೈಯನ್ನು ನಾನೇ ಕೆಳಗಿಳಿಸಿ ಹಿಡಿದುಕೊಂಡೆ. ಕಿವಿಯವರೆಗೂ ಮುಖ ಬಿಸಿಯಾಯಿತು. ಬಿಡಲಿಲ್ಲ.

ಕಹಳೆ ಮುಗಿಯಿತು. ನೋರೀನ್ ನಮ್ಮ ಕೈಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಟೀಚರಮ್ಮ... ಇವ್ರು ನಿಮ್ ತಮ್ಮ ಅಂತೂ ಅಲ್ಲ."

"ಅಲ್ಲ."

"ಹಾಗಾದ್ರೆ ನನ್ ಪೈಗಳ ಲೆಕ್ಕ?"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕೊಂಚ ತಡವಾಗಿ. ಆ ತಡಕ್ಕೆ ಕಾರಣ ನಾನೇ. ನಾಳೆ ಹೋಗಿ ಕ್ಷಮೆ ಕೇಳಬೇಕು.

ಕ್ಯಾರವಾನಿಗೆ ಮರಳಿ ಇಷ್ಟು ಬರೆಯುವಷ್ಟರಲ್ಲಿ ಆರು ಹೊಡೆಯಿತು; ಬಸ್ಸು ಹೊರಟಿರಬೇಕು. ವೆಂಡೆಲ್ ಹೊರಗಿನಿಂದ ಕೇಳುತ್ತಿದ್ದಾನೆ, ಚೀಲ ಒಳಗೆ ತರಲಾ ಎಂದು. ಇಷ್ಟು ಜೋರಾಗಿ ಕೇಳಬೇಕೆ, ಕ್ಯಾಂಪಿಗೆಲ್ಲ ಕೇಳುವಂತೆ! ನಾನೂ ಅಷ್ಟೇ ಜೋರಾಗಿ —