ಸಿಪಿಯೋನನ ಮೂಗು

ಲೊರಿಯಾಂ ಬಂದರು, ೧೭ ಜನವರಿ ೧೮೦೧

ಮೂಗನ್ನು ಇವತ್ತೂ ಕೆತ್ತಲಿಲ್ಲ.

ನಾನೀಗ ಬೊಂಬೆ ಕೆತ್ತುತ್ತಿರುವ ಹೊಸ ಯುದ್ಧನೌಕೆಗೂ ‘ಸಿಪಿಯೋನ್’ ಅಂತಲೇ ಹೆಸರು. ಹಳೆಯ ಹಡಗು ಸುಟ್ಟುಹೋದರೇನು, ಆ ರೋಮಿನ ಸೇನಾಪತಿಯ ಹೆಸರಿಗೆ ಬೆಂಕಿ ತಗಲುವುದಿಲ್ಲವಲ್ಲ! ಅವನ ಮುಖ ಇಲ್ಲಿ ಯಾರು ಕಂಡಿದ್ದರು? ಹತ್ತು ವರ್ಷದ ಹಿಂದೆ, ಹಳೆಯ ಹಡಗಿನ ಮೂತಿಗೆ ಕೂರಿಸುವ ಮರದ ಬೊಂಬೆಗೆ, ತಮಾಷೆಗೆಂದು ನನ್ನ ತಮ್ಮ ಮೆರಿಯಾದೆಕ್‌ನ ಮುಖವನ್ನೇ ಕೆತ್ತಿದ್ದೆ, ಸೊಟ್ಟ ಮೂಗಿನ ಸಮೇತ. ಅವನು ಬಿದ್ದು ಬಿದ್ದು ನಕ್ಕ. “ಅಣ್ಣಾ, ನನ್ನ ಮೂಗು ಸಮುದ್ರಕ್ಕೆ ಹೋದಮೇಲೆ ನಾನು ಮನೇಲಿ ಕೂತಿರ್ಲಾ?” ಅಂತ ಅದೇ ಹಡಗು ಹತ್ತಿದ. ಇಟಲಿಯ ಬಂದರಿನಲ್ಲಿ ಅದರ ಜೊತೆಗೇ ಉರಿದುಹೋದ.

ಹೋದ ವಾರ ಮೇಸ್ತ್ರಿ ಆ ಹಳೆಯ ಬೊಂಬೆಯ ಮಣ್ಣಿನ ಮಾದರಿ ಹುಡುಕಿ ತಂದಿಟ್ಟ. “ಅದೇ ಹೆಸರು, ಅದೇ ಮುಖ. ಒಂದು ಕೂದಲೂ ಆಚೀಚೆ ಆಗ್ಬಾರ್ದು ಕಣೋ.” ಹೂಂ ಅಂದೆ.

ಇವತ್ತು ಮಧ್ಯಾಹ್ನ ರೊಟ್ಟಿ ತಂದ ಅವ್ವ ಬೊಂಬೆಯ ಮುಂದೆ ನಿಂತುಬಿಟ್ಟಳು. ಕೆನ್ನೆಯ ಮೇಲಿನ ಮರದ ಹೊಟ್ಟನ್ನು ಅಂಗೈಯಿಂದ ಒರೆಸಿದಳು.

“ಇವನನ್ನ ಮತ್ತೆ ಕಳಿಸ್ತೀಯೇನೋ?”

ಇಲ್ಲವ್ವಾ ಅಂದೆ. ಮೇಸ್ತ್ರಿಗೆ ಹೂಂ, ಅವ್ವನಿಗೆ ಇಲ್ಲ; ನಾಳೆ ಮೂಗು ಕೆತ್ತಲೇಬೇಕು.