ಕಡಸುಗಳ ಬಲಗಿವಿ

ಮೇ 12

ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಅರ್ಧ ಮುಖ ಇನ್ನೂ ಮರಗಟ್ಟಿದೆ. ಮನೆಗೆ ಬಂದರೆ ಬೀಜ ಒಡೆದ ಹೋರಿಗಳಿಗೆಲ್ಲ ವರ್ನ್ ಒಬ್ಬನೇ ಕಿವಿಯ ಚರ್ಮದಡಿ, ಬೇಗ ಕೊಬ್ಬಲಿ ಅಂತ, ಹಾರ್ಮೋನ್ ಗುಳಿಗೆ ಹಾಕಿ ಮುಗಿಸಿದ್ದಾನೆ. ನಾನು ಬರುವವರೆಗೆ ಕಾಯಿ ಅಂದಿದ್ದೆ. ಕಾಯುವ ಜಾತಿಯೇ ಅಲ್ಲ ನನ್ನ ಗಂಡ. ಕಿವಿಗೆ ತೂತು ಹೊಡೆಯುವ ಪಂಚ್‌ನ ಸ್ಪ್ರಿಂಗ್ ಟೀ ಹೊತ್ತಿಗೇ ಮುರಿಯಿತಂತೆ.

“ತೂತು ನಾಳೆ ಹೊಡೆದ್ರಾಯ್ತು ಬಿಡೇ. ಗುಳಿಗೆ ಹಾಕಿದೀನಲ್ಲ.”

ಮೊದಲು ತೂತು, ಆಮೇಲೆ ಗುಳಿಗೆ. ಇಡೀ ಕ್ವೀನ್ಸ್‌ಲೆಂಡಿಗೆ ಗೊತ್ತಿರುವ ಮಾತು. ಬಲಗಿವಿಯಲ್ಲಿ ಮೂರು ಮೂಲೆಯ ತೂತಿದ್ದರೆ ಗುಳಿಗೆ ಬಿದ್ದ ದನ, ಇಲ್ಲದಿದ್ದರೆ ಶುದ್ಧ. ಬಾಯಿ ತಿರುಗದ್ದರಿಂದ ಬೈಯಲಾಗಲಿಲ್ಲ. ನಾಳೆ ಬೈಯುತ್ತೇನೆ.

ಮೇ 14

ಪಕ್ಕದವರ ಪಂಚ್ ಕೇಳಿ ತಂದು ಹೋರಿಗಳಿಗೆ ತೂತು ಹೊಡೆದ. ಉಂಡ ಮೇಲೆ ತಟ್ಟೆ ತೊಳೆದ. ವರ್ನ್! ತಟ್ಟೆ!

ಮೇ 19

ಬಟ್ಟೆ ಒಗೆಯುವ ಕೋಣೆಯ ಬಾಗಿಲು ರಿಪೇರಿ ಆಯಿತು. ಮಗಳ ಮದುವೆಗೂ ಮುಂಚಿನಿಂದ ಒಂದೇ ಕೀಲಿನಲ್ಲಿ ನೇತಾಡುತ್ತಿದ್ದ ಬಾಗಿಲು. ಕೇಳದೆಯೇ ಟೀ ಮಾಡಿಕೊಟ್ಟ. ಅತಿವಿನಯಂ ಧೂರ್ತಲಕ್ಷಣಂ. ಏನೋ ಇದೆ.

ಟೆಸ್ ಫೋನ್ ಮಾಡಿದ್ದಳು — ಬಾರಾಲಾಬಾ ಕಡೆ ಹೊಸದಾಗಿ ಜಮೀನು ಹಿಡಿದ ಹುಡುಗಿ. ಅವಳೂ ಅವಳ ಗಂಡನೂ ಯುರೋಪಿಗೆ ಮಾಂಸ ಕಳಿಸುವ ಶುದ್ಧ ಮಂದೆ ಕಟ್ಟುತ್ತಿದ್ದಾರೆ. ಅಲ್ಲಿಯವರು ಗುಳಿಗೆಯ ದನ ಮುಟ್ಟುವುದಿಲ್ಲ. ಅವರ ಮಂದೆಗೆ ಮೊದಲು ಕಾಲಿಡುವುದು ನನ್ನ ಕಡಸುಗಳು. ವರ್ನ್‌ನವಲ್ಲ, ನನ್ನವು. ಅಮ್ಮ ಕೊಟ್ಟ ಎರಡು ಹಸುಗಳಿಂದ ಬೆಳೆಸಿದ್ದು. ಒಂದರ ಕಿವಿಗೂ ಗುಳಿಗೆ ಸೋಕಿಸಿದವಳಲ್ಲ. ನನ್ನ ಹೆಸರಿನ ಮುದ್ರೆ ಹೊತ್ತು ಗೇಟು ದಾಟುವ ಮೊದಲ ದನ.

“ನಿಮ್ ಮಾತೇ ಸಾಕು ಲೋರ್ನಾ, ನಾವ್ ಬೇರೆ ಏನೂ ನೋಡಲ್ಲ” ಅಂದಳು. ಫೋನ್ ಇಟ್ಟ ಮೇಲೂ ನಗುತ್ತಿದ್ದೆ. ಹೆಮ್ಮೆ... ಇರಲಿ, ಇಲ್ಲಿ ಬರೆದರೆ ಯಾರು ಕೇಳುತ್ತಾರೆ.

ಜೂನ್ 8

ಕಡಸುಗಳಿಗೆ ಹುಚ್ಚು ಹಿಡಿದಿದೆ. ಬೆಳಗಿನಿಂದ ಒಂದರ ಮೇಲೊಂದು ಹತ್ತುತ್ತಿವೆ. ಒಂದೆರಡು ಬೆದೆಗೆ ಬಂದರೆ ಸರಿ. ಎಲ್ಲವೂ? ದಿನವಿಡೀ? ಹೊಳೆ ಕಡೆಯ ಬೇಲಿ ಮಲಗಿಸಿವೆ. ಬಾಲದ ಬುಡ ಎದ್ದು ನಿಂತಿದೆ. ಇನ್ನೂ ಗೂಳಿ ಕಾಣದ ಕಡಸುಗಳಿಗೆ ಮೊಲೆತೊಟ್ಟು ಊದಿಕೊಂಡಿದೆ.

“ಚಳಿಗೆ ಆಟ ಆಡ್ತಾವೆ ಕಣೇ” ಅಂದ ವರ್ನ್. ನನ್ನ ಮುಖ ನೋಡಲಿಲ್ಲ. ಟೀ ಲೋಟ ನೋಡಿದ.

ಗುಳಿಗೆ ಹಾಕಿದ ಹೋರಿಗಳೂ ಹೀಗೇ ಹತ್ತಾಡುತ್ತವೆ. ಬೇಡ, ಯೋಚಿಸುವುದೇ ಬೇಡ.

ಜೂನ್ 9, ಬೆಳಿಗ್ಗೆ

ಯೋಚಿಸದೆ ಇರಲಾಗಲಿಲ್ಲ. ಅವನು ಬೋರಿನ ಕಡೆ ಹೋದ ಮೇಲೆ ಒಂದು ಕಡಸಿನ ಕತ್ತನ್ನು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಸಿದೆ. ಬಲಗಿವಿ, ಹಿಂಭಾಗ. ಹೆಬ್ಬೆರಳಲ್ಲಿ ತಡವಿದೆ. ಚರ್ಮದ ಕೆಳಗೆ ಸಾಲಾಗಿ, ಅಕ್ಕಿಕಾಳು ಪೋಣಿಸಿದ ಹಾಗೆ. ಎರಡನೆಯ ಕಡಸಿಗೂ. ಮೂರನೆಯದಕ್ಕೂ. ಅಲ್ಲಿಗೆ ನಿಲ್ಲಿಸಿದೆ.

ಅದೇ ದಿನ, ಊಟವಾದ ಮೇಲೆ

ಊಟ ಅವನು ಮಾಡಿದ. ನಾನಲ್ಲ.

ಕೇಳಿದ್ದಕ್ಕೆ ಎಲ್ಲ ಹೇಳಿದ. ನಾನು ಹಲ್ಲಿನ ಡಾಕ್ಟರ ಹತ್ತಿರ ಹೋದ ದಿನ ದೊಡ್ಡಿಗಳ ನಡುವಿನ ಗೇಟಿನ ಚಿಲಕ ಹಾಕಿರಲಿಲ್ಲವಂತೆ. ಹಿಂದಿನ ದಿನ ಉಣ್ಣಿ ಹುಳದ ಔಷಧಿಗೆ ಕೂಡಿದ್ದ ನನ್ನ ಕಡಸುಗಳು ಹೋರಿಗಳ ಜೊತೆ ಬೆರೆತವಂತೆ. ಇವನು ತಲೆಯ ಕಡೆ ನಿಂತು ಗುಳಿಗೆ ಹಾಕುವ ಗನ್ನು ಒತ್ತುತ್ತಲೇ ಹೋದ. ಆಮೇಲೆ ತೂತು ಹೊಡೆಯಲು ಬೇರ್ಪಡಿಸುವಾಗ ಗೊತ್ತಾಯಿತಂತೆ.

“ತಲೆ ಒಂದೇ ಕಾಣೋದು ಕಣೇ. ಕೆಂಪು ತಲೆ. ತಲೆ ನೋಡಿ ಗಂಡೋ ಹೆಣ್ಣೋ ಅಂತ ಹೆಂಗ್ ಹೇಳ್ಲಿ?”

“ಹಿಂದೆ ಹೋಗಿ ನೋಡೋಕೆ ಕಾಲಿಗೇನು ಲಕ್ವ ಹೊಡ್ದಿತ್ತಾ?”

“ಧೂಳು...”

“ಧೂಳಂತೆ! ತಿಂಗಳಿಂದ ತಟ್ಟೆ ತೊಳೀತಿದೀಯಲ್ಲೋ, ಬಾಯಿಬಿಟ್ಟು ಒಂದ್ ಮಾತು ಹೇಳೋಕೆ ಏನಾಗಿತ್ತು?”

“ನೀನು ಫೋನಲ್ಲಿ ನಗ್ತಿದ್ದೆ, ಲೋರ್ನಾ. ಹೆಂಗ್ ಹೇಳ್ಲಿ?”

ಇದನ್ನು ಕೇಳಿ ಸಿಟ್ಟು ಇಳಿಯಬೇಕಿತ್ತು. ಏರಿತು.

ಜೂನ್ 10

ಇವತ್ತು ಹೊಸ ರಾಗ. “ತೂತಿಲ್ಲವಲ್ಲ. ಕೊಟ್ಟುಬಿಡು. ಯಾರಿಗ್ ಗೊತ್ತಾಗತ್ತೆ?”

ಯಾರಿಗೂ ಗೊತ್ತಾಗುವುದಿಲ್ಲ. ಅದೇ ನನ್ನ ಸಂಕಟ. ಕಿವಿ ಶುದ್ಧ, ಕಾಗದ ಶುದ್ಧ, ಲೋರ್ನಾ ಫೆಫರ್ ಮಾತು ಶುದ್ಧ. ಒಂದು ದಿನ ಯಾರೋ ಕಸಾಯಿಖಾನೆಯಲ್ಲಿ ಪರೀಕ್ಷೆ ಮಾಡಿದರೆ ಮುಳುಗುವುದು ಆ ಹುಡುಗಿಯ ಮಂದೆ. ಇಡೀ ಮಂದೆ. ಸಾಲದ್ದಕ್ಕೆ ಇವು ಗಬ್ಬ ಕಟ್ಟುತ್ತವೆಯೋ ಇಲ್ಲವೋ, ಅದೂ ಅನುಮಾನ.

ಇಷ್ಟೆಲ್ಲ ಗೊತ್ತಿದ್ದೂ ಅರ್ಧ ದಿನ ಅವನ ಮಾತು ತಲೆಯಲ್ಲಿ ಸುತ್ತಿತು. ನನ್ನ ಮೇಲೇ ಅಸಹ್ಯ.

ಜೂನ್ 13

ಮೂರು ದಿನ ಫೋನಿನ ಹತ್ತಿರ ಸುಳಿಯಲಿಲ್ಲ. ಇವತ್ತು ಮಾಡಿದೆ. ಟೆಸ್ ಎತ್ತಿದ ತಕ್ಷಣ ಶುರು — “ಲೋರ್ನಾ! ಬೇಲಿ ಮುಗೀತು, ಬಂದ್ ನೋಡ್ಬೇಕು ನೀವು!” ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಎಲ್ಲವಕ್ಕೂನಾ?”

“ಎಲ್ಲವಕ್ಕೂ.”

“ಹೇಳಿದ್ದು ಒಳ್ಳೇದಾಯ್ತು” ಅಂದಳು. ದನಿ ಒಡೆದಿತ್ತು. ಬೇರೆ ಕಡೆ ಹುಡುಕುತ್ತಾರಂತೆ. ಮುಂದಿನ ವರ್ಷ ನೋಡೋಣ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಫೋನಿಟ್ಟು ಹಿತ್ತಿಲಿಗೆ ಹೋಗಿ ಅತ್ತೆ.

ಜೂನ್ 14

ಕಡಸುಗಳಿಗೆ ತೂತು ನಾನೇ ಹೊಡೆಯುತ್ತೇನೆ ಎಂದು ನಿನ್ನೆ ರಾತ್ರಿ ವರ್ನ್‌ಗೆ ಹೇಳಿದ್ದೆ. ಹೊಡೆದೆ. ವರ್ನ್ ಹಿಂದಿನಿಂದ ಅಟ್ಟಿದ. “ನಾನ್ ಹೊಡೀಲಾ?” ಅಂದ. “ನೀನು ಹೊಡೆದಿದ್ದು ಸಾಕು” ಅಂದೆ.

ಪ್ರತಿ ಕಿವಿ ತಡವುವುದು, ಗುಳಿಗೆ ಸಿಗುವುದು, ಪಂಚ್ ಒತ್ತುವುದು. ಅಮ್ಮನ ಹಸುಗಳ ಮೊಮ್ಮಕ್ಕಳು ತಲೆ ಕೊಡವಿಕೊಂಡು ಓಡಿದವು. ಕೊನೆಗೆ ಉಳಿದದ್ದು ಹಣೆಯಲ್ಲಿ ಬಿಳಿ ಮಚ್ಚೆಯದು. ಎಲ್ಲಕ್ಕಿಂತ ಚೆಂದದ್ದು. ತಡವಿದೆ. ಏನೂ ಸಿಗಲಿಲ್ಲ. ಮತ್ತೆ ತಡವಿದೆ, ಬುಡದಿಂದ ತುದಿಯವರೆಗೆ. ನುಣ್ಣಗಿದೆ ಅಂದೆ.

“ಇದಕ್ಕೆ ತಪ್ಪಿತೇನೋ ಲೋರ್ನಾ!” ವರ್ನ್ ಓಡಿ ಬಂದ. ಕಣ್ಣಲ್ಲಿ ನೀರು ಅವನಿಗೆ. “ಒಂದಾದ್ರೂ ಉಳೀತಲ್ಲೇ!”

ಗುಳಿಗೆ ಉದುರಿರಬಹುದು. ಪುಡಿಯಾಗಿ ಮೈ ಸೇರಿರಬಹುದು. ಬಿದ್ದೇ ಇಲ್ಲದಿರಬಹುದು. ಬೆರಳಿಗೇನು ಗೊತ್ತು. ನನಗೆ ಬೇಕಾದದ್ದನ್ನೇ ಹೇಳುವ ಬೆರಳನ್ನು ನಾನು ಹೇಗೆ ನಂಬಲಿ. ಕಿವಿ ಬೆಚ್ಚಗಿತ್ತು. ಅದು ಸುಮ್ಮನೆ ನಿಂತಿತ್ತು, ಸಣ್ಣದರಿಂದ ನನ್ನ ಕೈ ಗೊತ್ತು ಅದಕ್ಕೆ. ಪಂಚ್ ಎತ್ತಿ ಕಿವಿಗೆ ಹಿಡಿದು ಒತ್ತಿದೆ.