ಕಣ್ಣಿನ ಫೋಟೋದಾಗ ಕಂಡದ್ದು

ರೀ,

ರೊಟ್ಟಿ ಬುಟ್ಟ್ಯಾಗ ಅದಾವು, ಝುಣಕಾ ಮುಚ್ಚಿಟ್ಟೀನಿ. ಗ್ಯಾಸ್ ಹಚ್ಚಿ ನಾನೇ ಮಾಡೀನಿ. ಮನಿ ಏನೂ ಸುಟ್ಟಿಲ್ಲ.

ನಿನ್ನೆ ಕಣ್ಣಿನ ಡಾಕ್ಟರು ನನಗೇ ಫೋನ್ ಮಾಡಿದ್ರು. "ಮೆದುಳಿನ ಡಾಕ್ಟರಿಗೆ ತೋರಿಸಿದ್ರೇನು?" ಅಂತ ಕೇಳಿದ್ರು. ನನಗೇನೂ ಗೊತ್ತಿಲ್ಲ ಅಂದಾಗ ಎಲ್ಲಾ ಬಿಡಿಸಿ ಹೇಳಿದ್ರು. ಕಣ್ಣಿನ ಹಿಂದಿನ ಪರದೆ ಫೋಟೋದಾಗ ನರದ ಪದರ ತೆಳ್ಳಗ ಕಂಡೈತಂತ. ಮರೆವಿನ ರೋಗ, ಕೈ ನಡುಗೋ ರೋಗ ಶುರು ಆಗೂ ಮೊದಲೇ ಒಮ್ಮೊಮ್ಮೆ ಹಂಗ ಕಾಣತೈತಂತ. ಬ್ಯಾರೆ ಕಾರಣಾನೂ ಇರಬಹುದು, ತಪಾಸಣೆ ಮಾಡಿಸಿದ್ರ ಗೊತ್ತಾಗತೈತಿ ಅಂದ್ರು.

ಇದನ್ನೆಲ್ಲಾ ಅವತ್ತೇ ನಿಮಗ ಹೇಳಿದ್ರಂತ. ನೀವು ನನಗ ಹೇಳಿದ್ದು, "ಚಷ್ಮಾ ನಂಬರ್ ಏರೈತಿ, ಅಷ್ಟೇ." ಮರುದಿನದಿಂದಲೇ ಗ್ಯಾಸ್ ಮುಟ್ಟಬ್ಯಾಡ, ಲೋಕಲ್ ರೈಲು ಹತ್ತಬ್ಯಾಡ ಅಂತ ಶುರು ಮಾಡಿದ್ರಿ. ನನ್ನ ಒಂದು ಮಾತೂ ಕೇಳದೇ ಬಾಲವಾಡಿ ಕೆಲಸಾನೂ ಬಿಡಿಸಿದ್ರಿ. ಕಣ್ಣು ನಂದು, ತಲಿ ನಂದು, ಸುದ್ದಿ ಮಾತ್ರ ನಿಮ್ಮದೇನು?

ನಿಮಗ ಅಂಜಿಕಿ ಆಗೈತಿ, ಅದೂ ಗೊತ್ತು. ನಾ ಚಹಾ ಸೋಸೂವಾಗ ನನ್ನ ಕೈಯನ್ನೇ ನೋಡ್ಕೋತ ನಿಂದರತೀರಿ.

ಇವತ್ತು ಜೋಗೇಶ್ವರಿಗೆ ಮೆದುಳಿನ ಡಾಕ್ಟರ್ ಕಡೆ ಹೊಂಟೀನಿ. ಲೋಕಲ್‌ನ್ಯಾಗೇ, ಒಬ್ಬಾಕಿನೇ. ಸ್ಟೇಶನ್‌ಗೆ ಓಡಿ ಬರಬ್ಯಾಡ್ರಿ. ಮಗಳು ಅನುರಾಧಾಗ ಫೋನ್ ಮಾಡಿ ಹುಡುಗೀನ ಹೆದರಸಬ್ಯಾಡ್ರಿ. ಬಿಪಿ ಗುಳಿಗಿ ತಗೋರಿ.

ತಿರುಗಿ ಬರೂವಾಗ ಬಾಲವಾಡಿಗೆ ಹೋಗಿ, ಸೋಮವಾರದಿಂದ ಕೆಲಸಕ್ಕ ಬರ್ತೀನಿ ಅಂತ ಹೇಳೇ ಬರಾಕಿ.

ಡಾಕ್ಟರ್ ಏನ ಅಂದ್ರೂ ನಿಮ್ಮ ಎದುರಿಗೆ ಕೂತು ಪೂರಾ ಹೇಳ್ತೀನಿ. ಅಳೂದಿದ್ರ ಆಗ ಇಬ್ಬರೂ ಕೂಡೇ ಅಳೂಣು.

ಮಹಾದೇವಿ